ಮೇಲಂಚಿನ ಮಸಿ

ಕಿವಿ ಮೇಸ್ತ್ರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಅವನು ಬಿಟ್ಟಿರಲೂ ಇಲ್ಲ. ಸೈಲೆನ್ಸರ್ ಕೆಲಸದವರ ನಡುವೆ ಅವನಿಗೆ ಆ ಹೆಸರು ಬಂದದ್ದೇ ಕಿವಿಯಿಂದ. ಕಾರು ಅಂಗಡಿಯ ತಿರುವಿಗೆ ಬಂದು ಇನ್ನೂ ಮುಖ ತೋರಿಸಿರುವುದಿಲ್ಲ, ಅಷ್ಟರಲ್ಲೇ ಇವನು "ಹಿಂದಿನ ಡಬ್ಬದೊಳಗೆ ತಗಡು ಬಿಟ್ಟಿದೆ" ಎಂದೋ "ಮುಂದಿನ ಪೈಪಲ್ಲಿ ಕೂದಲೆಳೆಯಷ್ಟು ಬಿರುಕು" ಎಂದೋ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಬೇರೆ ಅಂಗಡಿಯವರು ಕೈಚೆಲ್ಲಿದ ಗಾಡಿಗಳು ಕೊನೆಗೆ ಅವನ ಬಾಗಿಲಿಗೆ ಬರುತ್ತಿದ್ದವು. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಕೆಳತುಟಿ ಕಚ್ಚಿ ಅವನು ಎಂಜಿನ್ನಿನ ಮುಂದೆ ನಿಲ್ಲುವ ಭಂಗಿ ನೋಡಲೆಂದೇ ಕೆಲವು ಗಿರಾಕಿಗಳು ಟೀ ಮುಗಿದ ಮೇಲೂ ಕೂತಿರುತ್ತಿದ್ದರು.

ಕಿವಿ ಹೋದದ್ದು ಒಂದೇ ದಿನಕ್ಕಲ್ಲ. ಗ್ರೈಂಡರಿನ ಪಕ್ಕದಲ್ಲಿ, ಬಾಯಿ ಬಿಟ್ಟ ಪೈಪುಗಳ ಪಕ್ಕದಲ್ಲಿ ಎಷ್ಟೋ ವರ್ಷ ನಿಂತ ಕಿವಿ, ಸ್ವಲ್ಪ ಸ್ವಲ್ಪವೇ ಬಾಗಿಲು ಹಾಕಿಕೊಂಡಿತು. ಗೊತ್ತಾದದ್ದು ಫೋನಿನಲ್ಲಿ. ಬಲಗೈಯಲ್ಲಿ ಸ್ಪ್ಯಾನರ್ ಇತ್ತೆಂದು ಎಡಗೈಯಲ್ಲಿ ಫೋನು ಹಿಡಿದ. ಆ ಕಡೆಯಿಂದ ಸದ್ದೇ ಇಲ್ಲ. ಫೋನು ಮಾರಿದವನ ವಂಶವನ್ನೆಲ್ಲ ಜಾಲಾಡಿ, ಅಂಗಡಿಗೆ ಹೋಗಿ ಜಗಳ ತೆಗೆದ. ಅಲ್ಲಿಯವನು ಫೋನನ್ನು ತನ್ನ ಕಿವಿಗಿಟ್ಟುಕೊಂಡು, "ಚೆನ್ನಾಗೇ ಇದೆಯಲ್ಲ ಸಾರ್, ನೀವೇ ಕೇಳಿ" ಎಂದು ವಾಪಸ್ ಕೊಟ್ಟ. ಮೇಸ್ತ್ರಿ ಈ ಸಲ ಬಲಗಿವಿಗೆ ಇಟ್ಟುಕೊಂಡ. ಆಮೇಲೆ ಎಡಗಿವಿಗೆ. ಮತ್ತೆ ಬಲಗಿವಿಗೆ. ಫೋನು ಜೇಬಿಗಿಟ್ಟುಕೊಂಡು ಮನೆಗೆ ಬಂದ.

ಅಂದಿನಿಂದ ಅವನ ಬದುಕೆಲ್ಲ ಎಡಕ್ಕೆ ಸರಿಯಿತು. ಬೆಂಚಿನ ಎಡತುದಿಯಲ್ಲಿ ಕೂರುವುದು, ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹಿಡಿಯುವುದು, ನಡೆಯುವಾಗ ಜೊತೆಯವರನ್ನು ಬಲಕ್ಕೆ ಹಾಕಿಕೊಳ್ಳುವುದು. ಮಂಚದಲ್ಲಿ ಜಾಗ ಬದಲಾಯಿಸೋಣ ಎಂದಾಗ ಹೆಂಡತಿ ಒಪ್ಪಲಿಲ್ಲ. ಕಿಟಕಿಯ ಗಾಳಿ ಅವಳಿಗೂ ಬೇಕಿತ್ತು. ಹಾಗಾಗಿ ಅವಳು ಎಡಗಡೆಯೇ ಉಳಿದಳು, ಮಲಗಿಕೊಂಡು ಆಡಿದ ಮಾತೆಲ್ಲ ಸತ್ತ ಕಿವಿಗೆ ಬಿತ್ತು. "ನಿಮ್ಮ ಹತ್ರ ಮಾತಾಡೋದೂ ಒಂದೇ, ಈ ಗೋಡೆ ಹತ್ರ ಮಾತಾಡೋದೂ ಒಂದೇ" ಎಂದು ಅವಳು ಎದ್ದು ಕೂತು ಹೇಳಿದಾಗ ಮಾತ್ರ ಅದು ಅವನಿಗೆ ಕೇಳಿಸಿತು. ದುಡಿದು ಬಂದವನಿಗೆ ಸೊಕ್ಕು ಎಂದು ಅವಳು ತಿಳಿದುಕೊಂಡಳು. ತಿಳಿದುಕೊಳ್ಳಲಿ ಎಂದು ಅವನು ಬಿಟ್ಟ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿತ್ತು.

ಅಂಗಡಿಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ಭಾಮೈದ. ಹೆಂಡತಿಯ ತಮ್ಮ. ವೆಲ್ಡಿಂಗ್ ಪೂರ್ತಿ ಅವನದು. ಪೈಪಿಗೆ ಪೈಪು ಬೆಸೆದರೆ ಮೀನಿನ ಹುರುಪೆ ಜೋಡಿಸಿಟ್ಟ ಹಾಗಿರುತ್ತಿತ್ತು. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ವೆಲ್ಡಿಂಗ್ ಮುಖವಾಡದ ಒಳಗಿನಿಂದಲೂ ಮಾತಾಡುತ್ತಿದ್ದ. ಭಾವನ ಎಡಗಡೆ ನಿಂತು ಆಡಿದ ಮಾತಿಗೆ ಉತ್ತರ ಬರದಿದ್ದರೆ, "ಭಾವ ಯೋಚನೆಯಲ್ಲಿದ್ದಾರೆ, ದೇಶ ಆಳೋರು" ಎಂದು ತಾನೇ ನಕ್ಕು ತಾನೇ ಮುಗಿಸುತ್ತಿದ್ದ.

ಈಜು ಕಲಿಸುವ ಕೋಚ್ ಮೇಡಂ ಅಂಗಡಿಗೆ ಬಂದದ್ದು ಒಂದು ಹಳೆಯ ಪೆಟ್ರೋಲ್ ಕಾರಿನಲ್ಲಿ. ಎತ್ತರದ ಹೆಂಗಸು, ಭುಜ ಅಗಲ, ಗಂಟಲು ಅದಕ್ಕಿಂತ ಅಗಲ; ನೀರಿನೊಳಗಿರುವವರಿಗೂ ಕೇಳುವಂತೆ ಕೂಗಿ ಕೂಗಿ ರೂಢಿ.

"ಮೇಸ್ತ್ರಿ, ನನ್ನ ಗಾಡಿ ಹೊಲಿಗೆ ಮಿಷನ್ ಥರ ಟಕಟಕ ಅಂತಿದೆ. ಹೈವೇಗೆ ಹೋದಾಗ ಅದು ಗರ್ಜಿಸಬೇಕು. ಆದ್ರೆ ಮನೆಯಲ್ಲಿ ಅತ್ತೆ ಮಧ್ಯಾಹ್ನ ಮಲಗಿರ್ತಾರೆ. ಅತ್ತೆಗೆ ಕೇಳಿಸಬಾರದು, ಹೈವೇಗೆ ಕೇಳಿಸಬೇಕು. ಅಂಥದ್ದು ಏನಾದ್ರೂ ಇದೆಯಾ?"

"ಇದೆ ಮೇಡಂ," ಎಂದ ಭಾಮೈದ. "ಬೈಪಾಸ್ ವಾಲ್ವು ಅಂತ. ನಮ್ಮಕ್ಕನಿಗೂ ಒಂದು ಹಾಕಿಸೋಣ ಅಂತಿದ್ದೀನಿ, ಭಾವ ಬೇಡ ಅಂತಾರೆ."

"ನಿನಗೇ ಮೊದಲು ಹಾಕಿಸ್ತೀನಿ, ಸುಮ್ನಿರೋ," ಎಂದು ಮೇಸ್ತ್ರಿ ವಿವರಿಸಿದ. ಎಂಜಿನ್ನಿನಿಂದ ಬರುವ ಪೈಪನ್ನು ಸೈಲೆನ್ಸರಿಗಿಂತ ಮೊದಲೇ ಕತ್ತರಿಸುವುದು. ಅಲ್ಲಿ ಒಂದು ಕವಲು ಬೆಸೆದು, ಕವಲಿನ ಬಾಯಿಗೆ ವಾಲ್ವು ಕೂರಿಸುವುದು. ವಾಲ್ವಿನೊಳಗೆ ದುಂಡನೆಯ ಬಿಲ್ಲೆ; ಪುಟ್ಟ ಮೋಟಾರು ಅದನ್ನು ತಿರುಗಿಸುತ್ತದೆ. ಮುಚ್ಚಿದರೆ ಹೊಗೆ ಸೈಲೆನ್ಸರಿನೊಳಗೆ ನುಗ್ಗಿ ಮೆತ್ತಗೆ ಹೋಗುತ್ತದೆ. ತೆರೆದರೆ ಅಡ್ಡದಾರಿ ಹಿಡಿದು ಗುಡುಗುತ್ತಾ ಹೊರಗೆ. ಸೀಟಿನ ಪಕ್ಕ ಒಂದು ಗುಂಡಿ, ಒತ್ತಿದರೆ ಸಾಕು.

"ಓಟನೂ ಜಾಸ್ತಿ ಆಗುತ್ತಾ?"

"ಎಂಜಿನ್ನಿಗೆ ಉಸಿರಾಡೋಕೆ ಸಲೀಸಾಗುತ್ತೆ. ಆದ್ರೆ ಕಾಲಿಗೆ ಗೊತ್ತಾಗೋದಕ್ಕಿಂತ ಕಿವಿಗೆ ಜಾಸ್ತಿ ಗೊತ್ತಾಗುತ್ತೆ."

"ಅಷ್ಟು ಸಾಕು," ಎಂದು ಮೇಡಂ ಕೀಲಿ ಎಸೆದಳು. ಹಿಡಿದವನು ಭಾಮೈದ.

ಕೆಲಸ ಚೆನ್ನಾಗಿಯೇ ನಡೆಯಿತು. ಕವಲಿನ ಬೆಸುಗೆಗೆ ಹೆಸರಿಡುವಂತಿರಲಿಲ್ಲ. ವಾಲ್ವಿನ ಬಾಯಿಯ ಸುತ್ತ ಚಾಚಿದ ಪಟ್ಟಿಗೂ ಪೈಪಿನ ಚಾಚುಪಟ್ಟಿಗೂ ನಡುವೆ ಹೊಗೆ ಸೋರದಂತೆ ಗ್ಯಾಸ್ಕೆಟ್ ಇಟ್ಟು ಬೋಲ್ಟು ಬಿಗಿದದ್ದು ಮೇಸ್ತ್ರಿ. ಮೋಟಾರಿನ ವೈರನ್ನು ಹಿಂದಿನ ಸೀಟಿನ ಕೆಳಗೆ ತಗಡಿನಲ್ಲಿ ತೂತು ಕೊರೆದು ಒಳಗೆ ಎಳೆದದ್ದೂ ಅವನೇ. ತೂತಿಗೆ ಹಾಕುವ ರಬ್ಬರ್ ಬಿರಡೆ ಸ್ವಲ್ಪ ಸಡಿಲವಿತ್ತು. ಹೊಗೆ ಸೋರದಿದ್ದರೆ ಸಡಿಲವಾದರೇನು ಎಂದುಕೊಂಡ.

ಸೋರಿಕೆ ನೋಡುವುದು ಕೊನೆಯ ಕೆಲಸ. ಗಾಡಿಯನ್ನು ಲಿಫ್ಟಿನ ಮೇಲೆತ್ತಿ, ಎಂಜಿನ್ ಚಾಲೂ ಮಾಡಿ, ಹಿಂದಿನ ಪೈಪಿನ ಬಾಯಿಗೆ ಒದ್ದೆ ಬಟ್ಟೆ ತುರುಕುತ್ತಾರೆ. ಒಳಗೆ ಒತ್ತಡ ಏರುತ್ತದೆ. ಎಲ್ಲಾದರೂ ಸಂದು ಇದ್ದರೆ ಅಲ್ಲಿಂದ ಚುಸ್ ಚುಸ್ ಎನ್ನುತ್ತದೆ. ಬೇರೆ ಅಂಗಡಿಗಳಲ್ಲಿ ಇದಕ್ಕೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿ ಸೋಪಿನ ನೀರಿನ ಬಾಟಲಿ ಇದ್ದದ್ದು ಕೈ ತೊಳೆಯುವುದಕ್ಕೆ.

"ಭಾವ, ಇದು ಹೊಸ ಥರದ ಗ್ಯಾಸ್ಕೆಟ್ಟು. ಸೋಪು ನೀರು ಒಂದು ಸಲ ಬಳಿದುಬಿಡ್ಲಾ?" ಎಂದ ಭಾಮೈದ, ಹಿಂದಿನ ಪೈಪಿನ ಬಟ್ಟೆ ಒತ್ತಿ ಹಿಡಿದುಕೊಂಡೇ.

"ಯಾಕೆ, ನನ್ನ ಕಿವಿಗಿಂತ ನಿನ್ನ ಸೋಪು ದೊಡ್ಡದಾ?"

ಮೇಡಂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಮೇಸ್ತ್ರಿ ಗಾಡಿಯ ಕೆಳಗೆ ಹೋಗಿ ಕಣ್ಣು ಮುಚ್ಚಿದ. ಕವಲಿನ ಬೆಸುಗೆಗೆ ಬಲಗಿವಿ ಕೊಟ್ಟ, ಸದ್ದಿಲ್ಲ. ಚಾಚುಪಟ್ಟಿಯ ಕೆಳಗಿನ ಅಂಚಿಗೆ ಬಲಗಿವಿ ಕೊಟ್ಟ, ಸದ್ದಿಲ್ಲ. ಉಳಿದದ್ದು ಮೇಲಂಚು. ಅದು ಪೈಪಿಗೂ ಗಾಡಿಯ ಹೊಟ್ಟೆಗೂ ನಡುವಿನ ಇಕ್ಕಟ್ಟಿನಲ್ಲಿತ್ತು. ಒಂದು ಕಡೆ ಲಿಫ್ಟಿನ ತೋಳು ಅಡ್ಡ, ಇನ್ನೊಂದು ಕಡೆ ಕಾದ ಪೈಪು. ಅಲ್ಲಿ ತಲೆ ತೂರಿಸಿದರೆ ಎಡಗಿವಿಯೇ ಮೇಲಕ್ಕೆ ಬರುತ್ತಿತ್ತು. ಬಲಗಿವಿ ಕೊಡಬೇಕೆಂದರೆ ಗಾಡಿ ಇಳಿಸಿ, ಲಿಫ್ಟಿನ ತೋಳು ಸರಿಸಿ, ಮತ್ತೆ ಎತ್ತಬೇಕು. ಯಾಕೆ ಎಂದು ಭಾಮೈದ ಕೇಳುತ್ತಾನೆ. ಅವನು ಕೇಳದೆ ಬಿಡುವ ಆಸಾಮಿಯಲ್ಲ.

ಮೇಸ್ತ್ರಿ ತಲೆ ತೂರಿಸಿದ. ಎಡಗಿವಿಯನ್ನು ಮೇಲಂಚಿಗೆ ಹಿಡಿದು, ತುಟಿ ಕಚ್ಚಿ, ಹತ್ತು ಎಣಿಸುವಷ್ಟು ಹೊತ್ತು ನಿಂತ. ಕೇಳಿಸಿಕೊಳ್ಳುವವನು ಹೇಗೆ ನಿಲ್ಲುತ್ತಾನೋ ಹಾಗೇ ನಿಂತ. ಆಮೇಲೆ ಹೊರಗೆ ಬಂದು ಕೈ ಒರೆಸಿಕೊಂಡು, "ಗಾಳಿ ಆಡೋಕೂ ಜಾಗ ಇಲ್ಲ ಮೇಡಂ, ತಗೊಂಡು ಹೋಗಿ" ಎಂದ.

ಮೇಡಂ ಚಪ್ಪಾಳೆ ತಟ್ಟಿದಳು.

ಗಾಡಿ ವಾಪಸ್ ಬಂದದ್ದು ಕೆಲವು ದಿನಗಳ ಮೇಲೆ, ಎಳೆಯುವ ಲಾರಿಯ ಹಿಂದೆ. ಮೇಡಂ ಇಳಿದಾಗ ಅವಳ ಗಂಟಲು ತಗ್ಗಿತ್ತು.

ನಡೆದದ್ದು ಇಷ್ಟು. ಮೇಡಂ, ಅತ್ತೆ ಇಬ್ಬರೂ ಪೇಟೆಗೆ ಸಾಮಾನು ತರಲು ಹೋಗಿದ್ದರು. ಅಲ್ಲಿನ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಿ, ಮೊಣಕಾಲು ನೋವಿನ ಅತ್ತೆಯನ್ನು ಹಿಂದಿನ ಸೀಟಿನಲ್ಲೇ ಬಿಟ್ಟು, ಸೆಕೆಯೆಂದು ಎಂಜಿನ್ ಮತ್ತು ಏಸಿ ಚಾಲೂ ಇಟ್ಟು, ವಾಲ್ವು ಮುಚ್ಚಿ ಮೇಡಂ ಮೇಲೆ ಹೋದಳು. ಬಿಲ್ಲಿನ ಸಾಲು ಉದ್ದವಿತ್ತು. ಬಂದು ನೋಡಿದರೆ ಅತ್ತೆ ಪಕ್ಕಕ್ಕೆ ವಾಲಿದ್ದರು. ನಿದ್ದೆ ಎಂದುಕೊಂಡು ಬಾಗಿಲು ಮೆತ್ತಗೆ ಹಾಕಿದಳಂತೆ. ಗಾಡಿ ಹಿಂದೆ ತೆಗೆಯುವಾಗ ಕನ್ನಡಿಯಲ್ಲಿ ಅವರ ಬಾಯಿಂದ ವಾಂತಿ ಇಳಿದದ್ದು ಕಂಡಿತು.

"ಜೀವಕ್ಕೇನೂ ಆಗಿಲ್ಲ," ಎಂದಳು ಮೇಡಂ. "ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಆದ್ರೆ ಹೊಗೆ ಒಳಗೆ ಹೋಗಿದೆ ಅಂದ್ರು ಡಾಕ್ಟ್ರು. ಕೈ ನಡುಗುತ್ತೆ. ನಿನ್ನೆ ನನ್ನನ್ನ ನೋಡಿ ಯಾರು ನೀನು ಅಂದ್ರು. ನಾನು ದೂರು ಗೀರು ಕೊಡಲ್ಲ. ಇಂಥದ್ದು ಹಾಕಿಸಿದ್ದೇ ತಪ್ಪು ಅಂತ ನನ್ನನ್ನೇ ಹಿಡೀತಾರೆ. ಎಲ್ಲಿಂದ ಬಂತು ಅಂತ ಅಷ್ಟು ಹೇಳಿ. ನನಗೆ ನಿದ್ದೆ ಬರ್ತಿಲ್ಲ."

ಗಾಡಿ ಮೇಲೇರಿತು. ಮೇಡಂ ಕುರ್ಚಿಯ ಹತ್ತಿರವೇ ಉಳಿದಳು. ಮೇಸ್ತ್ರಿ ಎಲ್ಲರಿಗಿಂತ ಮೊದಲು ಕೆಳಗೆ ಹೋದ. ಟಾರ್ಚು ಹಾಕಿ ಹುಡುಕಬೇಕಾದ್ದೇನೂ ಇರಲಿಲ್ಲ. ಚಾಚುಪಟ್ಟಿಯ ಮೇಲಂಚಿನಲ್ಲಿ, ಗ್ಯಾಸ್ಕೆಟ್ ಸರಿದ ಸಂದಿನ ಉದ್ದಕ್ಕೂ, ಕಾಡಿಗೆ ತೀಡಿದಂತೆ ಮಸಿಯ ಗೆರೆ. ಅದರ ನೇರಕ್ಕೆ ಮೇಲೆ ರಬ್ಬರ್ ಬಿರಡೆ, ಅದರ ಸುತ್ತಲೂ ಮಸಿ. ದಾರಿ ಬರೆದಿಟ್ಟಷ್ಟು ಸ್ಪಷ್ಟವಾಗಿತ್ತು.

ಅವನ ಕೈ ಅವನನ್ನು ಕೇಳದೆಯೇ ಮೇಲಕ್ಕೆ ಹೋಯಿತು. ಅಂಗೈಯಿಂದ ಆ ಗೆರೆಯನ್ನು ಒಂದೇ ಎಳೆತಕ್ಕೆ ಒರೆಸಿದ. ಇನ್ನೊಂದು ಎಳೆತಕ್ಕೆ ಬಿರಡೆಯ ಸುತ್ತ. ಆಮೇಲೆ ಗಟ್ಟಿಯಾಗಿ, ಮೇಡಂಗೆ ಕೇಳುವಂತೆ, "ಬೆಸುಗೆ ಬಿಟ್ಟಿರಬೇಕು. ಕವಲಿನ ಬೆಸುಗೆ" ಎಂದ.

ಹೇಳಿ ತಿರುಗಿದರೆ ಎಡಗಡೆಯಲ್ಲಿ ಭಾಮೈದ. ಅವನು ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಬಾಯಿ ಏನನ್ನೋ ಹೇಳಿ ಆಗಷ್ಟೇ ಮುಚ್ಚಿತ್ತು. ಮೇಸ್ತ್ರಿ ಉತ್ತರ ಕೊಡಲಿಲ್ಲ. ಪ್ರಶ್ನೆ ಏನೆಂದು ಗೊತ್ತಿದ್ದರೆ ತಾನೇ. ಅಂಗೈಯನ್ನು ಪ್ಯಾಂಟಿಗೆ ಒರೆಸಿ ಮತ್ತೆ ಪೈಪಿನ ಕಡೆ ಮುಖ ಮಾಡಿ, ಬೆಸುಗೆ ನೋಡುವ ನಾಟಕ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ಯಾಕೋ ಅನುಮಾನ ಬಂದು ಓರೆಗಣ್ಣಿನಲ್ಲಿ ನೋಡಿದ. ಭಾಮೈದನ ಕೈ ಅವನ ಎಡಗಿವಿಯ ಪಕ್ಕದಲ್ಲೇ ಇತ್ತು. ಹೆಬ್ಬೆರಳು, ನಡುಬೆರಳು ಆಗಷ್ಟೇ ಚಿಟಿಕೆ ಹೊಡೆದು ಬೇರೆಯಾಗಿದ್ದವು. ಅವನು ಮತ್ತೆ ಹೊಡೆದ. ಬೆರಳು ಜಾರಿದ್ದು ಕಂಡಿತು, ಸದ್ದು ಬರಲಿಲ್ಲ.

ಭಾಮೈದ ಅವನ ಕಣ್ಣು ನೋಡಲಿಲ್ಲ. ಕಿವಿಯನ್ನೇ ನೋಡುತ್ತಿದ್ದ. ಆಮೇಲೆ ಪ್ಯಾಂಟಿನ ಮೇಲಿನ ಮಸಿಯನ್ನು ನೋಡಿದ.

"ಸಿಕ್ತಾ?" ಎಂದು ಕೂಗಿದಳು ಮೇಡಂ.

ಈ ಹೊತ್ತಿನಲ್ಲಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿಗೆ ಅದು ಗೊತ್ತಿತ್ತು. ಆದರೆ ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಎಂಬ ಮಾತು ಈ ಸಾಲಿನ ಅಂಗಡಿಗಳನ್ನು ಸುತ್ತಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಆಮೇಲೆ ಯಾರು ಬರುತ್ತಾರೆ? ಅದನ್ನೇ ಭಾಮೈದನೂ ಲೆಕ್ಕ ಹಾಕುತ್ತಿದ್ದಿರಬೇಕು. ಆ ಅಂಗಡಿಯಿಂದ ನಡೆಯುತ್ತಿದ್ದದ್ದು ಅವನ ಅಕ್ಕನ ಮನೆ.

"ಹೌದು ಮೇಡಂ," ಎಂದ ಭಾಮೈದ, ಗಾಡಿಯ ಕೆಳಗಿನಿಂದ ಹೊರಗೆ ಬಂದು. "ನನ್ನ ಬೆಸುಗೆನೇ. ತಪ್ಪಾಯ್ತು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಚೆನ್ನಾಗಿ ಕೆಲಸ ಮಾಡ್ತೀಯ ಅಂದುಕೊಂಡಿದ್ದೆ ಕಣಪ್ಪ" ಎಂದಳು, ಅಷ್ಟೇ. ಭಾಮೈದ ನೆಲ ನೋಡಿದ. ಅವನ ಬೆಸುಗೆ ಮೇಲೆತ್ತಿದ ಗಾಡಿಯ ಹೊಟ್ಟೆಯಲ್ಲಿ ಕಾಣುವಂತೆಯೇ ಇತ್ತು, ಒಂದು ಹುರುಪೆಯೂ ಎದ್ದಿರಲಿಲ್ಲ.

ಅವಳು ಹೋದ ಮೇಲೆ ವಾಲ್ವು ಬಿಚ್ಚಿ, ಕವಲು ಕತ್ತರಿಸಿ, ಹಳೆಯ ಹಾಗೆ ನೇರ ಪೈಪು ಹಾಕಿದರು. ಕೊನೆಗೆ ಭಾಮೈದ ಬಂದು ಬಲಗಡೆ ನಿಂತ. ಬೇಕೆಂದೇ ಸುತ್ತು ಹಾಕಿ ಬಂದು ನಿಂತದ್ದು ಮೇಸ್ತ್ರಿಗೆ ಕಂಡಿತು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಎಷ್ಟು ದಿನದಿಂದ ಭಾವ?"

"ಯಾವುದು?"

ಭಾಮೈದ ಕೈಗವಸು ಕಳಚಿ ಬೆಂಚಿನ ಮೇಲಿಟ್ಟ. "ಏನಿಲ್ಲ ಬಿಡಿ," ಎಂದ.

ಮನೆಯಲ್ಲಿ ಹೆಂಡತಿ ಪರದೆ ಹೊಲಿಯುತ್ತಿದ್ದಳು. ಸುದ್ದಿ ಆಗಲೇ ತಲುಪಿತ್ತು. ಪಕ್ಕದ ಟೈರ್ ಅಂಗಡಿಯವನ ಹೆಂಡತಿ ಅವಳ ಗಿರಾಕಿ. ಮಿಷನ್ ನಿಲ್ಲಿಸಿ, ಎದ್ದು ಬಂದು ಎದುರಿಗೇ ನಿಂತು ಕೇಳಿದಳು.

"ನನ್ನ ತಮ್ಮನ ಬೆಸುಗೆ ಬಿಟ್ಟು ಒಬ್ಬರು ಅಜ್ಜಿ ಸಾಯೋ ಹಾಗಾಯ್ತಂತೆ. ಹೌದಾ?"

ಎದುರಿಗೆ ನಿಂತು ಆಡಿದ ಮಾತು, ಒಂದೇ ಕಿವಿಗೂ ಸ್ಪಷ್ಟ. ಕೇಳಿಸಲಿಲ್ಲ ಎನ್ನುವಂತಿರಲಿಲ್ಲ.

"ಹೂಂ," ಎಂದ.

ಆ ಒಂದು ಮಾತಿಗೆ ಅವಳು ಕುಸಿದು ಕೂತಳು. ಚಿಕ್ಕಂದಿನಿಂದ ಎತ್ತಿ ಆಡಿಸಿದ ತಮ್ಮ. ಬಾಯಿಬಡುಕನಾದರೂ ಕೈ ಕೆಲಸದಲ್ಲಿ ಅಪ್ಪಟ ಎಂದು ಎಲ್ಲರ ಮುಂದೆ ಹೊಗಳಿಕೊಂಡಿದ್ದಳು. ಸಂಜೆ ಅವನು ಬಂದಾಗ ಬಾಯಿಗೆ ಬಂದದ್ದು ಅಂದಳು. "ನಿನ್ನ ಭಾವ ನಿನ್ನನ್ನ ನಂಬಿ ಅಂಗಡಿ ಬಿಟ್ಟಿದ್ರು. ಮಾತಾಡೋದರಲ್ಲಿ ಇರೋ ಗಮನ ಕೆಲಸದಲ್ಲಿ ಇರಬಾರದಿತ್ತೇನೋ? ಆ ಅಜ್ಜಿ ಜಾಗದಲ್ಲಿ ನಮ್ಮಮ್ಮ ಇದ್ದಿದ್ರೆ?"

ಭಾಮೈದ ಒಮ್ಮೆ ಭಾವನ ಕಡೆ ನೋಡಿದ. ಭಾವ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

"ಆಯ್ತು ಅಕ್ಕ," ಎಂದು ಭಾಮೈದ ಎದ್ದು ಹೋದ. ಗೇಟು, ಗ್ರಿಲ್ಲು ಮಾಡುವ ಕಡೆ ಕೆಲಸ ನೋಡಿಕೊಂಡನೆಂದು ಆಮೇಲೆ ತಿಳಿಯಿತು.

ಇದಾದ ಮೇಲೆ ಮೇಸ್ತ್ರಿ ಈಜುಕೊಳಕ್ಕೆ ಹೋದ. ಹೇಳಿಬಿಡೋಣ ಎಂದೇ ಹೋದದ್ದು. ಮೊದಲು ಮೇಡಂಗೆ ಹೇಳಿದರೆ ಆಮೇಲೆ ಹೆಂಡತಿಗೆ ಹೇಳದೆ ಬೇರೆ ದಾರಿ ಇರುವುದಿಲ್ಲ ಎಂಬುದು ಅವನ ಲೆಕ್ಕ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಗ್ಯಾಸ್ಕೆಟ್ಟು ಸರಿದಿತ್ತು ಮೇಡಂ, ಬೆಸುಗೆಯಲ್ಲ. ಮಸಿ ಒರೆಸಿದ್ದು ನಾನು. ನನಗೆ ಈ ಕಿವಿ ಕೇಳಲ್ಲ. ಮೂರೇ ಮಾತು.

ಒಳಗೆ ಎತ್ತರದ ಚಾವಣಿ, ಟೈಲ್ಸ್ ಹಾಕಿದ ಗೋಡೆ, ನೀರಿಗೆ ಹಾರುವ ಸದ್ದು, ಸೀಟಿ, ಕೇಕೆ, ಎಲ್ಲ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. "ಮೇಸ್ತ್ರಿ!" ಎಂಬ ಕೂಗು ಕೇಳಿತು. ಎತ್ತಲಿಂದ ಎಂದು ತಿಳಿಯಲಿಲ್ಲ. ಒಂದೇ ಕಿವಿಯವನಿಗೆ ಸದ್ದು ಸಿಗುತ್ತದೆ, ದಿಕ್ಕು ಸಿಗುವುದಿಲ್ಲ. ಅವನು ಬಲಕ್ಕೆ ತಿರುಗಿದ. ಮತ್ತೆ ಕೂಗು. ಪೂರ್ತಿ ಹಿಂದಕ್ಕೆ ತಿರುಗಿ ಗೋಡೆ ನೋಡುತ್ತಾ ನಿಂತ. ಕೊನೆಗೆ ಮೇಡಂ ಎಡಗಡೆಯಿಂದ ಬಂದು ಭುಜ ಮುಟ್ಟಿದಳು.

"ಇಲ್ಲಿ ಮೇಸ್ತ್ರಿ! ಪಕ್ಕದಲ್ಲೇ ಕೂಗ್ತಿದ್ದೀನಿ."

ಇದೇ ಸಮಯ. ಅವನು ಬಾಯಿ ತೆರೆದ. "ಮೇಡಂ, ನನಗೆ ಈ ಕಿವಿ..."

"ಗೊತ್ತು ಬಿಡಿ, ಈ ಗದ್ದಲದಲ್ಲಿ ಎಲ್ಲರದೂ ಇದೇ ಪಾಡು," ಎಂದು ಅವಳು ನಕ್ಕಳು. "ನಿಮ್ಮಂಥ ಕಿವಿಗೇ ಇಲ್ಲಿ ಕೆಲಸ ಇಲ್ಲ ಅಂದ್ರೆ ನಮ್ಮದೇನು! ಅತ್ತೆ ಈಗ ಪರವಾಗಿಲ್ಲ. ನನ್ನ ಗುರುತು ಹಿಡಿದು ಬೈಯೋಕೆ ಶುರು ಮಾಡಿದ್ದಾರೆ. ನಿಮಗೆ ಒಂದು ಮಾತು ಹೇಳು ಅಂದ್ರು. ಆ ಬೆಸುಗೆ ಹುಡುಗನ್ನ ಕೆಲಸದಿಂದ ತೆಗೀಬೇಡಿ ಅಂತೆ. ಕೈ ತಪ್ಪೋದು ಸಹಜ, ಪಾಪ, ಒಪ್ಪಿಕೊಂಡನಲ್ಲ ಅಂದ್ರು."

ಮೇಸ್ತ್ರಿ ಕಾಲಡಿಯ ಒದ್ದೆ ನೆಲದಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಆಗಲಿ ಮೇಡಂ," ಎಂದ.

"ಒಳ್ಳೇ ಮನುಷ್ಯ ನೀವು," ಎಂದು ಅವಳು ಸೀಟಿ ಊದುತ್ತಾ ಹೋದಳು. ಅವನು ಹೊರಗೆ ಬಂದು, ಬೂಟು ಬಿಡುವ ಕಟ್ಟೆಯ ಮೇಲೆ ಕೂತು, ತನ್ನ ಒದ್ದೆಯಾದ ಕಾಲುಚೀಲ ನೋಡಿಕೊಂಡ. ಒಳಗೆ ಹೋಗಿ ಅವಳನ್ನು ಮತ್ತೆ ಕರೆಯಬಹುದಿತ್ತು. ಕರೆಯಲಿಲ್ಲ.

ಮಾರನೆಯ ದಿನದಿಂದ ಅವನು ಸೋಪಿನ ನೀರು ಬಳಿಯತೊಡಗಿದ. ಗಿರಾಕಿಗಳನ್ನು ಟೀ ಕುಡಿಯಲು ಕಳಿಸಿ, ಷಟರ್ ಅರ್ಧ ಎಳೆದು, ಕದ್ದು ಬಳಿಯುತ್ತಿದ್ದ. ಮೊದಲನೆಯ ಗಾಡಿಯಲ್ಲೇ ಗುಳ್ಳೆ ಎದ್ದಿತು. ಎರಡನೆಯದರಲ್ಲೂ. ಹಿಂದೆ "ಗಾಳಿ ಆಡೋಕೂ ಜಾಗ ಇಲ್ಲ" ಎಂದು ಕಳಿಸಿದ ಗಾಡಿಗಳು ಎಲ್ಲೆಲ್ಲಿ ಓಡಾಡುತ್ತಿವೆಯೋ, ಅವುಗಳ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೋ ಎಂದು ಯೋಚಿಸಿ ಬ್ರಷ್ಷು ಹಿಡಿದ ಕೈ ನಿಲ್ಲುತ್ತಿತ್ತು. ಆ ಗಾಡಿಗಳವರಲ್ಲಿ ಒಬ್ಬರಿಗೂ ಅವನು ಫೋನು ಮಾಡಲಿಲ್ಲ. ಬೆಸುಗೆಗೆ ಕರೆಸಿದ ಹೊಸಬನ ಕೆಲಸ ಗಂಟು ಗಂಟು. ಹಳೆಯ ಗಿರಾಕಿಗಳು ಬೆರಳಿನಿಂದ ಸವರಿ ನೋಡಿ, "ಅವನಿಲ್ವಾ?" ಎಂದು ಕೇಳಿ, ಆಮೇಲೆ ಬರುತ್ತೇವೆಂದು ಹೋದರು.

ವೆಲ್ಡಿಂಗ್ ಸೆಟ್ಟು ಭಾಮೈದ ತನ್ನ ದುಡ್ಡಿನಲ್ಲೇ ತಂದಿದ್ದ. ಅವನು ಕೆಲಸ ಬಿಟ್ಟ ಮೇಲೆ ಮೇಸ್ತ್ರಿ ಅದನ್ನು ಮನೆಯ ಹಿಂದಿನ ಕೋಣೆಗೆ ತಂದಿಟ್ಟಿದ್ದ. ಅದನ್ನು ಒಯ್ಯಲು ಒಂದು ಭಾನುವಾರ ಮಧ್ಯಾಹ್ನ ಬಂದ. ಅಕ್ಕ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಪೆಡಲು ತುಳಿಯುತ್ತಲೇ ಇದ್ದಳು. ಬಟ್ಟೆ ಮುಗಿದ ಮೇಲೂ ಸೂಜಿ ಬರೀ ತಗಡಿನ ಮೇಲೆ ಕುಟ್ಟುತ್ತಿತ್ತು. ಮೇಸ್ತ್ರಿ ಒಂದು ಕಡೆ, ಭಾಮೈದ ಇನ್ನೊಂದು ಕಡೆ ಹಿಡಿದು ಸೆಟ್ಟನ್ನು ಬಾಗಿಲಾಚೆ ಸಾಗಿಸಿ ಆಟೋಗೆ ಏರಿಸಿದರು. ಕೇಬಲ್ಲು ಸುತ್ತಿಕೊಟ್ಟದ್ದು ಮೇಸ್ತ್ರಿಯೇ.

ಭಾಮೈದ ಬಾಗಿಲ ಬಳಿ ನಿಂತು ಏನೋ ಹೇಳಿದ. ಮೇಸ್ತ್ರಿಯ ಎಡಗಡೆಗಿದ್ದ. ಗೊತ್ತಿದ್ದೇ ಆ ಕಡೆ ನಿಂತನೋ, ಬಾಗಿಲು ಆ ಕಡೆಗಿತ್ತೋ. ಸಣ್ಣ ಮಾತಲ್ಲ, ಉದ್ದವಾದದ್ದು. ನಡುವೆ ಒಂದು ಸಲ ಮೂಗು ಒರೆಸಿಕೊಂಡ. ಮೇಸ್ತ್ರಿ ತಲೆಯಾಡಿಸಿದ. ಇನ್ನೊಂದು ಸಲ ಹೇಳು ಎನ್ನಬಹುದಿತ್ತು. ಹಾಗೆಂದರೆ ಅಲ್ಲಿಂದ ಎಲ್ಲ ಹೇಳಬೇಕಾಗುತ್ತಿತ್ತು, ಹೆಂಡತಿ ಎರಡು ಮಾರು ದೂರದಲ್ಲಿದ್ದಳು. ಅವನು ಮತ್ತೊಮ್ಮೆ ತಲೆಯಾಡಿಸಿದ. ಭಾಮೈದ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಟೋ ಹತ್ತಿದ.

ಮಿಷನ್ ನಿಂತಿತು.

"ಏನಂದ ಅವನು?" ಹೆಂಡತಿ ಬಟ್ಟೆಯನ್ನೇ ನೋಡುತ್ತಾ ಕೇಳಿದಳು.

"ಏನಿಲ್ಲ. ಬರ್ತೀನಿ ಅಂದ."

"ಅಷ್ಟೇನಾ? ಅಷ್ಟು ಹೊತ್ತು ಮಾತಾಡಿದ."

"ಅಷ್ಟೇ."

ಅವಳು ಬಟ್ಟೆ ಮಡಿಸಿ ಒಳಗೆ ಹೋದಳು. ಆಮೇಲೆ ಭಾಮೈದ ಆ ಮನೆಗೆ ಬರಲಿಲ್ಲ. ಯಾರೂ ಕರೆಯಲೂ ಇಲ್ಲ.

ಆ ವರ್ಷ ಹೋದದ್ದು ಇಷ್ಟು: ನಾಲ್ಕು ಹಳೆಯ ಗಿರಾಕಿಗಳು, ಒಬ್ಬ ವೆಲ್ಡರು, ಹೆಂಡತಿಗಿದ್ದ ಒಬ್ಬನೇ ತಮ್ಮ.